ಕಡಲ ತಳದ ರಂಟಿ

ಪಟ್ಟದಕಲ್ಲಿನ ಸುತ್ತಿನ ಎರೆಹೊಲಗಳಲ್ಲಿ ರಂಟಿ ಹೊಡೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಎತ್ತು ಎಳೆದಷ್ಟೂ ಕುಳ ನೆಲ ಹಿಡಿಯುತ್ತದೆ. ಈಸು ಮೇಲಕ್ಕೆದ್ದರೆ ಸಾಕು, ಕುಳ ಕಿತ್ತುಕೊಂಡು ಹೊರಗೆ ಬರುತ್ತದೆ. ಹಾಯಿದೋಣಿಯೊಂದು ಕಡಲಂಚಿನ ಕೊಲ್ಲಿಯಲ್ಲಿ ರಾತ್ರಿಯಿಡೀ ನೆಮ್ಮದಿಯಾಗಿ ನಿಲ್ಲುವುದೂ ಇದೇ ಗುಟ್ಟಿನಿಂದ. ಲಂಗರನ್ನು ನಾವು ಭಾರವೆಂದುಕೊಂಡಿದ್ದೇವೆ, ಅದು ನೇಗಿಲು.

ಮಲಪ್ರಭೆಯ ದಂಡೆಯಲ್ಲಿ ಲಂಗರಿನ ಮಾತೇಕೆ ಎನ್ನಬಹುದು. ಈ ನದಿ ಹುಟ್ಟುವ ಕಣಕುಂಬಿಯಿಂದ ಪಡುಗಡಲು ಬಹಳ ದೂರವಿಲ್ಲ. ಆದರೂ ನದಿ ಅದಕ್ಕೆ ಬೆನ್ನು ಹಾಕಿ ಮೂಡಲಿಗೆ ಹರಿದು, ಪಟ್ಟದಕಲ್ಲಿನಲ್ಲಿ ಬಡಗಕ್ಕೆ ತಿರುಗಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿಯ ಅರಸರು ಮಾತ್ರ ಕಡಲಿಗೆ ಬೆನ್ನು ಹಾಕಲಿಲ್ಲ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲಿರುವ 634ರ ರವಿಕೀರ್ತಿಯ ಶಾಸನದಲ್ಲಿ, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪುರಿ ಎಂಬ ಪಡುಗಡಲ ಪಟ್ಟಣವನ್ನು ಮುತ್ತಿದ ವಿವರವಿದೆ. ಆ ಹಡಗುಗಳನ್ನು ಕವಿ ಮದ್ದಾನೆಗಳಿಗೆ ಹೋಲಿಸಿದ್ದಾನೆ. ಆ ಆನೆಗಳನ್ನು ರಾತ್ರಿ ಕಟ್ಟಿದ್ದು ಯಾವುದಕ್ಕೆ ಎಂಬುದು ಶಾಸನದಲ್ಲಿಲ್ಲ. ಆದರೆ ದ್ವಾರಕೆಯ ಕಡಲ ತಳದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರಿಗೆ ಸಿಕ್ಕ ಹಳೆಯ ಕಲ್ಲಿನ ಲಂಗರುಗಳು ದಾರಿ ತೋರಿಸುತ್ತವೆ. ಅವುಗಳಲ್ಲಿ ಕೆಲವು ಮುಮ್ಮೂಲೆಯ ಚಪ್ಪಟೆ ಕಲ್ಲುಗಳು, ಮೂರು ತೂತು. ಮೇಲಿನ ತೂತು ಹಗ್ಗಕ್ಕೆ, ಕೆಳಗಿನ ಎರಡು ಮರದ ಗೂಟಗಳಿಗೆ. ಕಲ್ಲು ಬರೀ ಮುಳುಗಿಸುವುದಕ್ಕೆ. ನೆಲ ಕಚ್ಚುವ ಕೆಲಸ ಗೂಟಗಳದು. ಕಲ್ಲು ಕಡಿಯುವ ಕಲೆಯನ್ನು ಇಷ್ಟು ಎತ್ತರಕ್ಕೆ ಒಯ್ದ ಈ ಊರಿನಲ್ಲಿ ನಿಂತು ಆ ಮೂರು ತೂತುಗಳ ಜಾಣತನ ನೆನೆದರೆ ನನಗೆ ಅಭಿಮಾನವೆನಿಸುತ್ತದೆ.

ಆ ಜಾಣತನಕ್ಕೆ ನೇಗಿಲಿನ ರೂಪವನ್ನೇ ಕೊಟ್ಟವರು ಇಂಗ್ಲೆಂಡಿನ ಭೌತವಿಜ್ಞಾನಿ ಜೆಫ್ರಿ ಇನ್‌ಗ್ರಾಮ್ ಟೇಲರ್. ದ್ರವಗಳ ಹರಿವಿನ ಬಗ್ಗೆ ಮಹತ್ವದ ಕೆಲಸ ಮಾಡಿದ ಅವರಿಗೆ ಹಾಯಿದೋಣಿಯೆಂದರೆ ಪ್ರಾಣ. ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಹಗುರ ಲಂಗರು ಬೇಕಿತ್ತು. 1933ರಲ್ಲಿ ಅವರು ರೂಪಿಸಿದ ಸಿ.ಕ್ಯೂ.ಆರ್. ಲಂಗರಿನ ತುದಿಯಲ್ಲಿ ಎರಡೂ ಕಡೆ ಮಣ್ಣು ಮಗುಚುವ ಕುಳವಿದೆ. ಅಡ್ಡ ಎಳೆದಷ್ಟೂ ಅದು ಆಳಕ್ಕೆ ಹೋಗುತ್ತದೆ. ಐದಾರು ಟನ್ ತೂಗುವ, ಹತ್ತು ಮೀಟರ್ ಉದ್ದದ ದೋಣಿಯನ್ನು 15 ಕಿಲೋ ತೂಕದ ಇಂಥ ಲಂಗರು ಹಿಡಿದು ನಿಲ್ಲಿಸುತ್ತದೆ.

ಆದರೆ ಎಳೆತ ಅಡ್ಡವಾಗಿಯೇ ಇರಬೇಕು. ಅದಕ್ಕಾಗಿ ನಾವಿಕರು ಸರಪಳಿಯನ್ನು ಧಾರಾಳವಾಗಿ ಬಿಡುತ್ತಾರೆ. ನೀರಿನ ಆಳ 5 ಮೀಟರ್, ಉಬ್ಬರ ಬಂದರೆ ಇನ್ನೂ ಒಂದೂವರೆ, ನೀರಿನ ಮೇಲೆ ದೋಣಿಯ ಮೂತಿಯ ಎತ್ತರ ಒಂದು ಎಂದಿಟ್ಟುಕೊಳ್ಳಿ. ಒಟ್ಟು ಏಳೂವರೆ ಮೀಟರ್. ಇದರ ಐದು ಪಟ್ಟು, ಅಂದರೆ 37.5 ಮೀಟರ್ ಸರಪಳಿ ಬಿಡಬೇಕು. ಹಗ್ಗವಾದರೆ ಏಳು ಪಟ್ಟು. ಸರಪಳಿಯ ಭಾರಕ್ಕೆ ಅದರ ತುದಿ ನೆಲದ ಮೇಲೇ ಮಲಗಿರುತ್ತದೆ. ಬೆಳಿಗ್ಗೆ ಹೊರಡುವಾಗ ದೋಣಿಯನ್ನು ಲಂಗರಿನ ನೆತ್ತಿಯ ಮೇಲಕ್ಕೆ ತಂದು ನೆಟ್ಟಗೆ ಎಳೆಯುತ್ತಾರೆ. ಈಸು ಎದ್ದಂತೆ ಲಂಗರಿನ ಹಿಡಿ ಏಳುತ್ತದೆ, ಕುಳ ಸಡಿಲವಾಗುತ್ತದೆ. ಗಾಳಿಯ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ: ಅದರ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸಂಜೆಗೆ ಸಾಕೆನಿಸಿದ ಸರಪಳಿ ನಡುರಾತ್ರಿ ಸಾಲದಾಗುವುದು ಹೀಗೆ.

ಲಂಗರು ಎಷ್ಟೇ ಒಳ್ಳೆಯದಿರಲಿ, ಜಾಗ ಕೆಟ್ಟದ್ದಾದರೆ ನಿದ್ದೆಯಿಲ್ಲ. ನಮ್ಮ ಕರಾವಳಿಯಲ್ಲಿ ಇದನ್ನು ಕಲಿಯಲು ಕಾರವಾರದಂಥ ಪಾಠಶಾಲೆ ಇನ್ನೊಂದಿಲ್ಲ. ಕಡಲಿಗೆ ಚಾಚಿದ ಗುಡ್ಡ, ಅದರ ಮರೆಯಲ್ಲಿ ಬೈತಖೋಲ, ಹೊರಗೆ ಕೂರ್ಮಗಡ, ಅಂಜದೀವ ದ್ವೀಪಗಳು. 1498ರಲ್ಲಿ ವಾಸ್ಕೊ ಡ ಗಾಮ ಮರಳುವ ಹಾದಿಯಲ್ಲಿ ತಂಗಿ ಹಡಗು ದುರಸ್ತಿ ಮಾಡಿಸಿದ್ದು ಅಂಜದೀವದಲ್ಲೇ. ತಳದ ಮಣ್ಣೂ ಮುಖ್ಯ. ಮರಳು, ಬಿಗಿ ಜೇಡಿ ಇದ್ದರೆ ಲಂಗರು ಕಚ್ಚುತ್ತದೆ. ಬಂಡೆಯ ಮೇಲೆ ಜಾರುತ್ತದೆ, ಅಂಬಲಿಯಂಥ ಕೆಸರಿನಲ್ಲಿ ಹಿಡಿತ ಸಿಗದೆ ಸರಿದುಹೋಗುತ್ತದೆ.

ಗುಡ್ಡದ ಮರೆ ಗಾಳಿಯನ್ನು ತಡೆಯುತ್ತದೆ, ಅಲೆಯನ್ನು ಪೂರ್ತಿ ತಡೆಯುವುದಿಲ್ಲ. ದೂರದ ಕಡಲಿನಿಂದ ಹತ್ತು ಸೆಕೆಂಡಿಗೊಂದರಂತೆ ಬರುವ ಅಲೆಯ ಉದ್ದ ಸುಮಾರು 156 ಮೀಟರ್. ನೀರಿನ ಆಳ ಇದರ ಅರ್ಧಕ್ಕಿಂತ ಕಡಿಮೆಯಾದೊಡನೆ ಅಲೆಗೆ ತಳ ತಾಗತೊಡಗುತ್ತದೆ, ವೇಗ ತಗ್ಗುತ್ತದೆ. ದಂಡೆಯ ಕಡೆಯ ತುದಿ ನಿಧಾನ, ಹೊರಗಿನ ತುದಿ ಜೋರು. ಚಕ್ಕಡಿ ತಿರುಗುವಾಗ ಒಳಗಾಲಿ ತಡೆದು ಹೊರಗಾಲಿ ಓಡುತ್ತದಲ್ಲ, ಹಾಗೆಯೇ ಅಲೆಯೂ ಭೂಶಿರವನ್ನು ಬಳಸಿ ಕೊಲ್ಲಿಯೊಳಗೆ ಬರುತ್ತದೆ. ದೋಣಿ ಗಾಳಿಗೆ ಮುಖ ಮಾಡಿ ನಿಂತಿರುತ್ತದೆ, ಅಲೆ ಮಗ್ಗುಲಿಗೆ ಹೊಡೆಯುತ್ತದೆ. ಪಾತ್ರೆ ಉರುಳಿ, ಮಲಗಿದವರೂ ಉರುಳುವುದು ಆಗ. ದೋಣಿಯ ಹಿಂಭಾಗದಿಂದ ಇನ್ನೊಂದು ಸಣ್ಣ ಲಂಗರು ಬಿಟ್ಟು ಮೂತಿಯನ್ನು ಅಲೆಯ ಕಡೆ ತಿರುಗಿಸಿದರೆ ಹೊಯ್ದಾಟ ತಗ್ಗುತ್ತದೆ.

ಚಳಿಗಾಲದಲ್ಲಿ ಮಧ್ಯಾಹ್ನ ಕಡಲಗಾಳಿ ಬೀಸಿದರೆ, ರಾತ್ರಿ ನೆಲ ತಣಿದ ಮೇಲೆ ಘಟ್ಟದ ಕಡೆಯಿಂದ ಗಾಳಿ ಇಳಿಯುತ್ತದೆ. ದೋಣಿ ಪೂರ್ತಿ ಹಿಂದುಮುಂದಾಗುತ್ತದೆ. ಹೂತ ಲಂಗರು ಎದುರು ದಿಕ್ಕಿನ ಎಳೆತಕ್ಕೆ ಕಿತ್ತು, ಮತ್ತೆ ನೆಲ ಹಿಡಿಯಬೇಕು. ಬದುವಿಗೆ ಬಂದ ರಂಟಿಯನ್ನು ಎತ್ತಿ ತಿರುಗಿಸಿ ಹೂಡಿದ ಹಾಗೆ. ಅದಕ್ಕೇ ಅನುಭವಸ್ಥರು ಕತ್ತಲಾಗುವ ಮೊದಲು ದಂಡೆಯ ಮೇಲೆ ಒಂದರ ಹಿಂದೆ ಒಂದು ಬರುವ ಎರಡು ಗುರುತು ನೋಡಿಟ್ಟುಕೊಳ್ಳುತ್ತಾರೆ. ಒಂದು ತೆಂಗಿನ ಮರ, ಅದರ ಹಿಂದೆ ಒಂದು ದೀಪ. ಇಂಥ ಜೋಡಿ ಎರಡು ದಿಕ್ಕಿನಲ್ಲಿದ್ದರೆ ಇನ್ನೂ ಒಳ್ಳೆಯದು. ಸರಪಳಿಯ ಅಳತೆಯೊಳಗೆ ದೋಣಿ ತೂಗಿದಾಗ ಗುರುತುಗಳು ಬೇರೆಯಾಗಿ ಮತ್ತೆ ಕೂಡುತ್ತವೆ. ಬೇರೆಯಾದವು ದೂರವಾಗುತ್ತಲೇ ಹೋದರೆ ಲಂಗರು ಎಳೆದುಕೊಂಡು ಬರುತ್ತಿದೆ ಎಂದರ್ಥ.

ಗುರುತುಗಳು ಕೂಡಿ ಬೇರೆಯಾಗುವುದನ್ನು ನೋಡಲು ಕಾರವಾರಕ್ಕೇ ಹೋಗಬೇಕಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ, ಮಲ್ಲಿಕಾರ್ಜುನನ ಶಿಖರ ವಿರೂಪಾಕ್ಷನ ಶಿಖರವನ್ನು ಸರಿಯಾಗಿ ಮರೆಮಾಡುವ ಜಾಗ ಹುಡುಕಿ ನಿಲ್ಲಿ. ಪಕ್ಕಕ್ಕೆ ನಾಲ್ಕು ಹೆಜ್ಜೆ ಇಟ್ಟು ನೋಡಿ: ಹಿಂದಿನ ಶಿಖರ ಅಂಚಿನಿಂದ ಇಣುಕುತ್ತದೆ.