ಉದ್ಯಾನದ ಕವಿತೆಗೆ ಮೈಕ್ ಯಾಕೆ?

ಉದ್ಯಾನದಲ್ಲಿ ಕುಣಿತ, ಹಾಡು, ಕವಿತೆ ಬೇಕೋ ಬೇಡವೋ ಎಂಬ ಮಾತು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕಾರ್ಯಕ್ರಮ ತನ್ನ ಜೊತೆ ಏನೇನನ್ನು ಹೊತ್ತು ತರುತ್ತಿದೆ? ಶಾಮಿಯಾನ, ಜನರೇಟರ್, ಸ್ಪೀಕರ್, ಪ್ರಾಯೋಜಕರ ಬ್ಯಾನರ್ ಎಲ್ಲವೂ ಲಾರಿಯಲ್ಲಿ ಬಂದಿಳಿದರೆ ಅದು ಉದ್ಯಾನದ ಪ್ರದರ್ಶನವಲ್ಲ. ಸಭಾಂಗಣದ ಕಾರ್ಯಕ್ರಮವನ್ನೇ ಹುಲ್ಲಿನ ಮೇಲೆ ತಂದಿಟ್ಟದ್ದು. ಅಲ್ಲಿರುವ ಮರ, ಬಂಡೆ, ಕೊಳ, ಕಾಲುದಾರಿಗಳನ್ನೇ ನೆಚ್ಚಿ ಕಟ್ಟಿದ ಪ್ರದರ್ಶನದ ಮಾತೇ ಬೇರೆ. ಇಂಥದಕ್ಕೆ ಬೆಂಗಳೂರಿನ ಉದ್ಯಾನಗಳು ಧಾರಾಳವಾಗಿ ಬಾಗಿಲು ತೆರೆಯಬೇಕು, ಲಾರಿಯಲ್ಲಿ ಬರುವುದನ್ನು ಗೇಟಿನಲ್ಲೇ ತಡೆಯಬೇಕು ಎಂಬುದು ನನ್ನ ವಾದ.

ಇದು ಹೊಸ ವಿಚಾರವೇನಲ್ಲ. ಕಬ್ಬನ್ ಪಾರ್ಕ್ 1870ರಲ್ಲಿ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ ರೂಪುಗೊಂಡಿತು. ಅಲ್ಲಿನ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡನ್ನು ಗಮನವಿಟ್ಟು ನೋಡಿ. ಸುತ್ತ ಗೋಡೆಯಿಲ್ಲ, ಹಾಗಾಗಿ ಅದಕ್ಕೆ ಮುಂದೆ, ಹಿಂದೆ ಎಂಬುದೂ ಇಲ್ಲ. ನುಡಿಸುವವರು ನೆಲದಿಂದ ತುಸು ಎತ್ತರದಲ್ಲಿರುತ್ತಾರೆ. ಮೇಲಿನ ಚಾವಣಿ ನಾದ ಆಕಾಶಕ್ಕೆ ಹಾರಿಹೋಗದಂತೆ ಕೇಳುಗರ ಕಡೆಗೆ ತಿರುಗಿಸುತ್ತದೆ. ಅಡ್ಡಾಡುತ್ತಲೇ ಕೇಳಬಹುದು, ಬೇಡವಾದರೆ ಸುಮ್ಮನೆ ಮುಂದೆ ನಡೆಯಬಹುದು. ಬ್ರಿಟಿಷರ ಕಾಲದ ಮಿಲಿಟರಿ ಬ್ಯಾಂಡಿಗಾಗಿ ಬಂದ ವಿನ್ಯಾಸ ನಿಜ, ಆದರೆ ಉದ್ಯಾನದಲ್ಲಿ ಸಂಗೀತ ಹೇಗಿರಬೇಕೆಂಬ ತಿಳಿವಳಿಕೆ ಅದರ ಆಕಾರದಲ್ಲೇ ಇದೆ. ನಮ್ಮ ಕರಾವಳಿಯ ಬಯಲಾಟಕ್ಕೆ ಇನ್ನೂ ದೊಡ್ಡ ತಿಳಿವಳಿಕೆ ಇತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ಮಳೆಗಾಲದ ಹೊಸ್ತಿಲಲ್ಲಿ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಗದ್ದೆ ಉಳುಮೆಗೆ ಮರಳುತ್ತದೆ. ನೆಲಕ್ಕೆ ಬಿಡುವಿದ್ದಾಗ ಮಾತ್ರ ಆಟ. ಉದ್ಯಾನಕ್ಕೂ ಇಂಥದೊಂದು ಪಂಚಾಂಗ ಬೇಕು.

ಸ್ಥಳವನ್ನು ನೆಚ್ಚುವುದೆಂದರೆ ಹಿನ್ನೆಲೆಗೆ ಒಂದು ಚೆಂದದ ಮರ ಆರಿಸಿಕೊಳ್ಳುವುದಲ್ಲ. ಲಾಲ್‌ಬಾಗ್‌ನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ಭರತನಾಟ್ಯ ಕಲಾವಿದೆಯೊಬ್ಬರು ಬರಿಗಾಲಲ್ಲಿ ನಿಂತರು ಎನ್ನಿ. ರಂಗಮಂದಿರದ ಮರದ ನೆಲ ಪಾದದ ಪೆಟ್ಟನ್ನು ಒಂದಿಷ್ಟು ನುಂಗಿಕೊಂಡು ಸದ್ದನ್ನು ತುಂಬಿಕೊಡುತ್ತದೆ. ಬಂಡೆ ಈ ಎರಡನ್ನೂ ಮಾಡುವುದಿಲ್ಲ. ಪಾದ ತಟ್ಟುವ ತಟ್ಟಡವನ್ನು ಅದೇ ಬಿರುಸಿನಲ್ಲಿ ಹಾಕಿದರೆ ಹಿಮ್ಮಡಿ, ಮಂಡಿ ನೋಯುತ್ತವೆ. ಇಳಿಜಾರಿನಲ್ಲಿ ಮಂಡಿ ಮಡಿಸಿ ಅರಮಂಡಿ ಕೂತರೆ ತೂಕವೆಲ್ಲ ಒಂದೇ ಕಾಲಿಗೆ ಬೀಳುತ್ತದೆ. ಹೊತ್ತೇರಿದ ಮೇಲೆ ಕಾದ ಕಲ್ಲಿನಲ್ಲಿ ಅಂಗಾಲು ಊರುವುದೇ ಕಷ್ಟ. ಹೀಗಾಗಿ ಹೊತ್ತು ಬೆಳಗಿನದೇ ಆಗಬೇಕು, ಕಾಲಿನ ಆರ್ಭಟ ತಗ್ಗಿ ನಿಲುವು, ನಡಿಗೆ, ಅಭಿನಯ ಮುಂದೆ ಬರಬೇಕು. ಅಷ್ಟು ಬದಲಾದ ಮೇಲೆ ಅದು ಬೇರೆಡೆ ಮಾಡಲಾಗದ ನೃತ್ಯವೇ ಆಗುತ್ತದೆ. ಅಮೆರಿಕದ ನೃತ್ಯ ಸಂಯೋಜಕಿ ಟ್ರಿಷಾ ಬ್ರೌನ್ 1974ರಲ್ಲಿ ಮಿನಿಯಾಪೊಲಿಸ್‌ನ ಲೋರಿಂಗ್ ಪಾರ್ಕಿನ ಕೊಳದಲ್ಲಿ ತೆಪ್ಪಗಳ ಮೇಲೆ ನರ್ತಕಿಯರನ್ನು ಮಲಗಿಸಿ, ಮಲಗಿದಲ್ಲೇ ನರ್ತಿಸುವಂತೆ ಮಾಡಿದ್ದರು. ತೆಪ್ಪ ತೇಲಿದಂತೆ ನೃತ್ಯದ ವಿನ್ಯಾಸವೂ ಬದಲಾಗುತ್ತದೆ. ಯಾವ ರಂಗಮಂದಿರದಲ್ಲೂ ಆ ಕೃತಿ ಅದೇ ಆಗಿ ಉಳಿಯದು.

ಮೈಕ್ ಇಲ್ಲದೆ ಕವಿತೆ ಕೇಳಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 60 ಡೆಸಿಬಲ್ ಇರುವ ಮಾತು ಎಂಟು ಮೀಟರಿಗೆ 42ಕ್ಕೆ ಬಂದಿರುತ್ತದೆ, ನಗರದ ಗದ್ದಲದಲ್ಲಿ ಕರಗಿಹೋಗುತ್ತದೆ. ಹಾಗಾದರೆ ಮೂವತ್ತು, ನಲವತ್ತು ಮಂದಿಯ ಹತ್ತಿರದ ಗುಂಪಿಗೆ ಓದಬೇಕು. ಬಿದಿರ ಮೆಳೆಯ ಬಳಿ ಒಬ್ಬರು, ಕಲ್ಲುಬೆಂಚಿನ ಬಳಿ ಇನ್ನೊಬ್ಬರು ಓದಲಿ. ಕೇಳುಗರು ಕವಿಯಿಂದ ಕವಿಗೆ ನಡೆದು ಹೋಗಲಿ. ಇದನ್ನು ಕೊರತೆ ಎನ್ನಲಾರೆ. ಕವಿತೆಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದು ಅಪರೂಪ. ಅಲ್ಲದೆ ಶಬ್ದಮಾಲಿನ್ಯ ನಿಯಮ, 2000ರ ಪ್ರಕಾರ ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಕಬ್ಬನ್ ಪಾರ್ಕಿಗೆ ಹೈಕೋರ್ಟ್ ಅಂಟಿಕೊಂಡೇ ಇದೆ.

ಉದ್ಯಾನ ಇರುವುದೇ ನೆಮ್ಮದಿಗೆ, ಯಾರನ್ನೂ ಒತ್ತಾಯದಿಂದ ಪ್ರೇಕ್ಷಕರನ್ನಾಗಿ ಮಾಡಬಾರದು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬರಿಯ ಕಂಠದಿಂದ ನಾಲ್ಕು ಹೆಜ್ಜೆ ದೂರ ಸರಿದು ಪಾರಾಗಬಹುದು, ಧ್ವನಿವರ್ಧಕದಿಂದ ಆಗದು. ಹುಲ್ಲು ಹಾಳಾಗುತ್ತದೆಂಬ ದೂರೂ ಸುಳ್ಳಲ್ಲ. 1959ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಉಚಿತವಾಗಿ ಶೇಕ್ಸ್‌ಪಿಯರ್ ನಾಟಕ ಆಡಿಸುತ್ತಿದ್ದಾಗ, ಹುಲ್ಲಿಗಾಗುವ ನಷ್ಟ ತುಂಬಲು ಟಿಕೆಟ್ ಇಡಲೇಬೇಕೆಂದು ಉದ್ಯಾನಗಳ ಆಯುಕ್ತ ರಾಬರ್ಟ್ ಮೋಸೆಸ್ ಪಟ್ಟು ಹಿಡಿದರು. ಪ್ಯಾಪ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು, ಗೆಲ್ಲಬೇಕಾದದ್ದೂ ಹೌದು. ಆದರೆ ಮುಂದೆ ಅದೇ ಉದ್ಯಾನದ ಗ್ರೇಟ್ ಲಾನ್‌ನಲ್ಲಿ ಲಕ್ಷಗಟ್ಟಲೆ ಜನ ಸೇರುವ ಕಛೇರಿಗಳು ನಡೆದವು. ಹುಲ್ಲುಹಾಸು ಧೂಳಿನ ಮೈದಾನವಾಯಿತು, 1990ರ ದಶಕದಲ್ಲಿ ಅದನ್ನು ಹೊಸದಾಗಿ ಬೆಳೆಸಬೇಕಾಯಿತು. ಹುಲ್ಲನ್ನು ಕೊಂದದ್ದು ಕಲೆಯಲ್ಲ, ಗಾತ್ರ. ಆದ್ದರಿಂದ ನಿಯಮ ಗಾತ್ರದ ಮೇಲಿರಬೇಕು: ಎಷ್ಟು ಜನ, ಯಾವ ತಿಂಗಳು, ಯಾವ ನೆಲ, ಸುತ್ತಲ ಮರಗಳಲ್ಲಿ ಹಕ್ಕಿಗಳ ಗೂಡು ಇದೆಯೇ.

ಇನ್ನು ಹಣದ ಮಾತು. ನೋಡುವವರಿಗೆ ಉಚಿತ ಎಂದ ಮಾತ್ರಕ್ಕೆ ಕಲಾವಿದರು ಪುಕ್ಕಟೆ ದುಡಿಯಬೇಕಿಲ್ಲ. ಶಾಮಿಯಾನಕ್ಕೂ ಸ್ಪೀಕರಿಗೂ ಹೋಗುವ ದುಡ್ಡು ಸಂಭಾವನೆಯಾಗಿ ಅವರ ಕೈ ಸೇರಲಿ. ಅದಕ್ಕಿಂತ ಮುಖ್ಯವಾಗಿ ಸಮಯ ಕೊಡಬೇಕು. ಒಂದೇ ಸಂಜೆಗೆ ಸಿಗುವ ಅನುಮತಿಯಿಂದ ಬಂಡೆಯ ಮೇಲಿನ ನೃತ್ಯ ಹುಟ್ಟುವುದಿಲ್ಲ. ಯಾವ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ವಾಯುವಿಹಾರಿಗಳು ಯಾವ ದಾರಿ ಹಿಡಿಯುತ್ತಾರೆ ಎಂಬುದು ವಾರಗಟ್ಟಲೆ ಅಲ್ಲೇ ತಾಲೀಮು ಮಾಡಿದವರಿಗೆ ಮಾತ್ರ ಗೊತ್ತಾಗುತ್ತದೆ. ತೋಟಗಾರಿಕೆ ಇಲಾಖೆ ಪ್ರದರ್ಶನದ ದಿನಕ್ಕೆ ಅನುಮತಿ ಕೊಡುವಾಗಲೇ ತಾಲೀಮಿನ ಬೆಳಗುಗಳನ್ನೂ ಅದೇ ಪತ್ರದಲ್ಲಿ ಬರೆದುಕೊಡಬೇಕು, ಅದಕ್ಕೆ ಬೇರೆ ಶುಲ್ಕ ಕೇಳಬಾರದು.