ಟ್ರಿಪ್‌ಗೆ ವಾಕಿ-ಟಾಕಿ ಬೇಕಾ? ಮೊದಲು 446 ನೋಡಿ

ಚಾರ್ಮಾಡಿ ಘಾಟಿಯಲ್ಲಿ ಎರಡು ಕಾರು ಮಾಡಿಕೊಂಡು ಹೋದವರಿಗೆ ಈ ಕಷ್ಟ ಗೊತ್ತು. ಹಿಂದಿನ ಕಾರು ಪಂಚರ್ ಆಗಿ ನಿಂತಿರುತ್ತೆ, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಮುಂದಿನವರು ಹಾಡು ಹಾಕಿಕೊಂಡು ಕೊಟ್ಟಿಗೆಹಾರದ ನೀರ್‌ದೋಸೆವರೆಗೂ ತಲುಪಿಬಿಟ್ಟಿರುತ್ತಾರೆ. ಟ್ರೆಕ್ಕಿಂಗ್‌ನಲ್ಲಾದರೆ ಇದು ಬರೀ ತಮಾಷೆಯಲ್ಲ. ಮಂಜಿನಲ್ಲಿ ಒಬ್ಬ ಹಿಂದೆ ಉಳಿದರೆ ಕೂಗಿ ಕರೆಯುವುದೊಂದೇ ದಾರಿ.

ಹಾಗಾಗಿ ಗ್ಯಾಂಗಿನಲ್ಲಿ ಯಾರೋ ಒಬ್ಬರು 'ವಾಕಿ-ಟಾಕಿ ತಗೊಳ್ಳೋಣ' ಅಂತಾರೆ. ಒಳ್ಳೆಯ ಯೋಚನೆಯೇ. ಆದರೆ ಆನ್‌ಲೈನ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದನ್ನು ಕಾರ್ಟಿಗೆ ಹಾಕಬೇಡಿ.

ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ವಾಕಿ-ಟಾಕಿಗೆ ಒಂದು ಪುಟ್ಟ ಜಾಗ ಮೀಸಲಿದೆ: 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮಗಳ ಪ್ರಕಾರ ಈ ಪಟ್ಟಿಯೊಳಗೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಡ. ಆದರೆ ಆ ಮಾಡೆಲ್‌ಗೆ ಇಟಿಎ ಎಂಬ ಸರ್ಕಾರಿ ಅನುಮೋದನೆ ಇರಲೇಬೇಕು. ಪಟ್ಟಿಯ ಹೊರಗೆ ಹೋದರೆ ಕತೆ ಬೇರೆ. ಪೊಲೀಸರು, ತುರ್ತು ಸೇವೆಯವರು ಮಾತಾಡುವ ತರಂಗಗಳೂ ಆಚೆಯೇ ಇರುವುದು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಇ-ಕಾಮರ್ಸ್ ಕಂಪನಿಗಳಿಗೆ ನೋಟಿಸ್ ಕೊಟ್ಟಿದ್ದು ಇದೇ ಕಾರಣಕ್ಕೆ: ಯಾವ ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ ಎಂದು ಹೇಳದೆಯೇ ಮಾರಾಟ ನಡೆದಿತ್ತು. ಅಂದರೆ ಸೈಟಿನಲ್ಲಿ ಸಿಗುತ್ತೆ ಅಂದಮಾತ್ರಕ್ಕೆ ಕಾನೂನುಬದ್ಧ ಅಂತಲ್ಲ.

ಎರಡೂವರೆ ಸಾವಿರಕ್ಕೆ ಜೋಡಿ, 5 ವಾಟ್, ಯಾವ ಫ್ರೀಕ್ವೆನ್ಸಿ ಬೇಕಾದರೂ ತಿರುಗಿಸಿಕೊಳ್ಳಿ ಎನ್ನುವ ಸೆಟ್‌ಗಳಿಂದ ದೂರ ಇರಿ. ಅವು ಹ್ಯಾಮ್ ರೇಡಿಯೋದವರಿಗೆ ಸರಿ, ಅವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿರುತ್ತಾರೆ. ಅಮೆರಿಕದಲ್ಲಿರೋ ಅಣ್ಣನ ಹತ್ತಿರ ತರಿಸಿಕೊಳ್ಳೋದೂ ಬೇಡ. ಅಲ್ಲಿನ ಫ್ಯಾಮಿಲಿ ರೇಡಿಯೋಗಳು 462, 467 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ನಮ್ಮ ಪಟ್ಟಿಗೆ ಸೇರೋದಿಲ್ಲ. ಯುರೋಪಿನಿಂದ ಬಂದ ಪಿಎಂಆರ್446 ಅದೇ ಪಟ್ಟಿಯದು, ಆದರೂ ಇಲ್ಲಿನ ಇಟಿಎ ಕೇಳಲೇಬೇಕು.

ಇನ್ನೊಂದು ಬಲೆ, 'ಅನ್‌ಲಿಮಿಟೆಡ್ ರೇಂಜ್' ಎಂಬ 4ಜಿ ವಾಕಿ-ಟಾಕಿ. ಅದರೊಳಗೆ ಸಿಮ್ ಇರುತ್ತೆ. ಟವರ್ ಇಲ್ಲದ ಕಡೆ ನಿಮ್ಮ ಫೋನಿನಷ್ಟೇ ಅದೂ ಮೂಕ. ಫೋನಿನ ವಾಕಿ-ಟಾಕಿ ಆ್ಯಪ್‌ಗಳದ್ದೂ ಅದೇ ಹಣೆಬರಹ.

ರೇಂಜ್ ವಿಷಯದಲ್ಲಿ ಡಬ್ಬದ ಮೇಲಿನ '10 ಕಿಮೀ' ನಂಬಬೇಡಿ. ಈ ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಒಂದು ಗುಡ್ಡದ ತುದಿಯಿಂದ ಎದುರಿನ ಗುಡ್ಡಕ್ಕೆ ಹಲವು ಕಿಲೋಮೀಟರ್ ಆರಾಮಾಗಿ ಕೇಳಿಸಬಹುದು. ನಡುವೆ ಗುಡ್ಡದ ತಿರುವೋ ದಟ್ಟ ಕಾಡೋ ಬಂದರೆ ಒಂದು ಕಿಮೀ ಸಿಕ್ಕರೂ ಪುಣ್ಯ. ಕಾರಿನ ಲೋಹದ ಮೈಯೂ ತಡೆಯುತ್ತೆ, ಸೆಟ್ಟನ್ನು ಕಿಟಕಿ ಹತ್ತಿರ ಹಿಡಿಯಿರಿ.

ಮಲೆನಾಡಿನ ಮಳೆಗೆ ಐಪಿ67 ಇದ್ದರೆ ನೆಮ್ಮದಿ, ನೆನೆದರೂ ತಡೆಯುತ್ತೆ. ಒಂದು ದಿನದ ಟ್ರಿಪ್‌ಗೆ ಟೈಪ್-ಸಿ ಚಾರ್ಜಿಂಗ್ ಸಾಕು, ಪವರ್‌ಬ್ಯಾಂಕ್ ಹೇಗೂ ಇರುತ್ತೆ. ಎರಡು-ಮೂರು ದಿನ ಕಾಡಲ್ಲಿ ಉಳಿಯುವುದಾದರೆ ಹಳ್ಳಿ ಅಂಗಡಿಯಲ್ಲೂ ಸಿಗುವ ಸೆಲ್ ಹಾಕುವಂಥದ್ದನ್ನು ನಾನು ಆರಿಸುವೆ. 'ಪ್ರೈವಸಿ ಕೋಡ್' ಎಂಬ ಹೆಸರಿಗೆ ಮರುಳಾಗಬೇಡಿ. ಅದು ಬೇರೆಯವರ ಮಾತು ನಿಮ್ಮ ಕಿವಿಗೆ ಬೀಳದಂತೆ ಮಾಡುತ್ತದೆ, ಅಷ್ಟೆ. ನಿಮ್ಮ ಮಾತನ್ನು ಆ ಚಾನೆಲ್‌ನಲ್ಲಿರುವ ಯಾರು ಬೇಕಾದರೂ ಕೇಳಬಹುದು.

ಬಿಲ್ ಮತ್ತು ಇಟಿಎ ಪ್ರಮಾಣಪತ್ರದ ಪ್ರತಿ ಫೋನಿನಲ್ಲಿ ಉಳಿಸಿಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಕೇಳಿದರೆ ತೋರಿಸಬಹುದು. ಹೊರಡುವ ಮೊದಲು ಎಲ್ಲರೂ ಒಂದೇ ಚಾನೆಲ್, ಒಂದೇ ಕೋಡ್ ಇಟ್ಟುಕೊಂಡಿದ್ದಾರಾ ಅಂತ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ನೋಡಿ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತೆ. 'ನಿಲ್ಲಬೇಡಿ' ಅನ್ನೋದಕ್ಕಿಂತ 'ಮುಂದೆ ಹೋಗಿ' ಅನ್ನಿ, ಕರಕರ ಸದ್ದಿನಲ್ಲಿ 'ಬೇಡಿ' ಕೇಳಿಸದೇ ಹೋಗಬಹುದು.