ಸರ್ಕಾರಿ ಜಾಲತಾಣಗಳ ಸುಗಮ್ಯತೆ ಮತ್ತು ಕನ್ನಡದ ಅಕ್ಷರ

೧

ಸರ್ಕಾರವು ಪ್ರಜೆಗಳಿಗೆ ತಿಳಿಸಬೇಕಾದ ಸಂಗತಿಯನ್ನು ಹಳ್ಳಿಯಲ್ಲಿ ಡಂಗುರ ಹೊಡೆಸಿ ಸಾರುತ್ತಿದ್ದ ಕಾಲವೊಂದಿತ್ತು. ಕಚೇರಿಯ ಗೋಡೆಗೆ ಪ್ರಕಟಣೆಯನ್ನು ಅಂಟಿಸುವ ಪದ್ಧತಿ ಇಂದಿಗೂ ಉಂಟು. ಡಂಗುರದ ಸುದ್ದಿ ಕಿವಿ ಕೇಳದವನಿಗೆ ತಲಪುತ್ತಿರಲಿಲ್ಲ. ಗೋಡೆಯ ಪ್ರಕಟಣೆ ಕಣ್ಣು ಕಾಣದವನಿಗೆ ತಲಪದು. ಈಚೆಗೆ ಇವೆರಡರ ಕೆಲಸವನ್ನೂ ಜಾಲತಾಣವು ವಹಿಸಿಕೊಂಡಿದೆ. ಒಂದೇ ಬರಹವನ್ನು ನೋಡುವವನಿಗೆ ಅಕ್ಷರವಾಗಿಯೂ, ಕೇಳುವವನಿಗೆ ಧ್ವನಿಯಾಗಿಯೂ, ಬೆರಳಿನಿಂದ ಓದುವವನಿಗೆ ಬ್ರೈಲ್ ಚುಕ್ಕೆಗಳಾಗಿಯೂ ಒದಗಿಸಬಲ್ಲ ಶಕ್ತಿ ಈ ಸಾಧನಕ್ಕೆ ಉಂಟು. ಹಿಂದಿನ ಯಾವ ಸಾಧನಕ್ಕೂ ಇಲ್ಲದ ಈ ಗುಣವು ನಮ್ಮ ಸರ್ಕಾರಿ ಜಾಲತಾಣಗಳಲ್ಲಿ, ವಿಶೇಷವಾಗಿ ಅವುಗಳ ಕನ್ನಡ ಭಾಗದಲ್ಲಿ, ಹಲವೆಡೆ ಪ್ರಯೋಜನಕ್ಕೆ ಬಾರದೆ ಹೋಗುತ್ತಿರುವುದೇಕೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಪಹಣಿಯ ಪ್ರತಿ, ಆದಾಯದ ಪ್ರಮಾಣಪತ್ರ, ಪಿಂಚಣಿಯ ಅರ್ಜಿ, ನೇಮಕಾತಿಯ ಪ್ರಕಟಣೆ, ಪರೀಕ್ಷೆಯ ಫಲಿತಾಂಶ ಇವೆಲ್ಲವೂ ಇಂದು ಜಾಲತಾಣದ ಮೂಲಕ ದೊರೆಯತಕ್ಕವು. ಅಂಗವೈಕಲ್ಯದ ಪ್ರಮಾಣಪತ್ರವನ್ನು ಸಹ ೨೦೨೧ರ ಜೂನ್ ೧ರಿಂದ ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ಕೊಡತಕ್ಕದ್ದೆಂದು ಕೇಂದ್ರ ಸರ್ಕಾರವು ವಿಧಿಸಿತು. ಅಂದಮೇಲೆ, ತಾನು ಅಂಧನೆಂಬುದನ್ನು ಸರ್ಕಾರಕ್ಕೆ ತಿಳಿಸಿ ಸೌಲಭ್ಯ ಪಡೆಯಬೇಕಾದವನೂ ಮೊದಲು ಒಂದು ಜಾಲತಾಣವನ್ನು ಬಳಸಬೇಕು. ಆ ಬಾಗಿಲು ಅವನಿಗೆ ತೆರೆಯದಿದ್ದರೆ ಉಳಿದ ಬಾಗಿಲುಗಳು ತೆರೆದಿದ್ದೂ ಫಲವಿಲ್ಲ. ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ಅಂಗವಿಕಲರೆಂದು ಎಣಿಕೆಯಾದವರು ಸುಮಾರು ೨ ಕೋಟಿ ೬೮ ಲಕ್ಷ ಮಂದಿ. ಕರ್ನಾಟಕದಲ್ಲಿ ಸುಮಾರು ೧೩ ಲಕ್ಷ.

೨

ಜಾಲತಾಣವನ್ನು ಅಂಗವಿಕಲರೂ ಇತರರಂತೆಯೇ ಸ್ವತಂತ್ರವಾಗಿ ಬಳಸಲು ಶಕ್ಯವಾಗಿರುವುದನ್ನು ಸುಗಮ್ಯತೆ ಎಂದು ಕರೆಯುತ್ತಾರೆ. ಇದರ ಲಕ್ಷಣಗಳನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ೧೯೯೯ರಲ್ಲಿ ಮೊದಲು ಗೊತ್ತುಪಡಿಸಿತು. ೨೦೦೮, ೨೦೧೮ ಮತ್ತು ೨೦೨೩ರಲ್ಲಿ ಅವನ್ನು ಪರಿಷ್ಕರಿಸಿತು. ಆ ಸೂತ್ರಗಳ ಸಾರವು ನಾಲ್ಕು ಮಾತುಗಳಲ್ಲಿ ಅಡಗಿದೆ: ಪುಟದಲ್ಲಿರುವುದು ಯಾವುದಾದರೊಂದು ಇಂದ್ರಿಯಕ್ಕೆ ಗೋಚರವಾಗಬೇಕು, ಅದನ್ನು ನಡೆಸಲು ಸಾಧ್ಯವಾಗಬೇಕು, ಅದು ಅರ್ಥವಾಗಬೇಕು, ಬೇರೆಬೇರೆ ಯಂತ್ರಗಳಲ್ಲಿ ಅದು ಕೆಡದೆ ನಿಲ್ಲಬೇಕು.

ಭಾರತವು ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ೨೦೦೭ರಲ್ಲಿ ಅನುಮೋದಿಸಿತು. ಸರ್ಕಾರಿ ಜಾಲತಾಣಗಳಿಗೆ ಮಾರ್ಗದರ್ಶಿ ಸೂತ್ರಗಳು ೨೦೦೯ರಲ್ಲಿ ಹೊರಬಂದವು. ಅವುಗಳ ಮೂರನೆಯ ಆವೃತ್ತಿಯು ೨೦೨೩ರದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೦೧೬ರಲ್ಲಿ ಅಂಗೀಕೃತವಾಗಿ, ಮರುವರ್ಷದ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಅದರಡಿಯಲ್ಲಿ ೨೦೧೭ರಲ್ಲಿ ರಚಿತವಾದ ನಿಯಮಗಳು, ಜಾಲತಾಣದಲ್ಲಿ ಹಾಕುವ ಕಡತಗಳು ಇ-ಪಬ್ ರೂಪದಲ್ಲಾಗಲಿ, ಅಕ್ಷರಗಳನ್ನು ಯಂತ್ರವು ಗುರುತಿಸಬಲ್ಲ ಪಿ.ಡಿ.ಎಫ್. ರೂಪದಲ್ಲಾಗಲಿ ಇರಬೇಕೆಂದು ಹೇಳಿದುವು. ಹೀಗೆ ಕಾಗದದ ಮೇಲೆ ವಿಧಿಗಳಿಗೆ ಕೊರತೆಯಿಲ್ಲ. ಕೊರತೆ ಎಲ್ಲಿದೆಯೆಂಬುದನ್ನು ತಿಳಿಯಬೇಕಾದರೆ ಅಂಧನೊಬ್ಬನು ಜಾಲತಾಣವನ್ನು ಓದುವ ಬಗೆಯನ್ನು ಮೊದಲು ಅರಿಯಬೇಕು.

೩

ಅಂಧರು ಕಂಪ್ಯೂಟರನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬವರು ೨೦೦೬ರಲ್ಲಿ ಆರಂಭಿಸಿದ ಎನ್.ವಿ.ಡಿ.ಎ. ಎಂಬುದು ಉಚಿತವಾಗಿ ದೊರೆಯತಕ್ಕದ್ದು; ಅದರೊಡನೆ ಬರುವ ಇ-ಸ್ಪೀಕ್ ಧ್ವನಿಯಂತ್ರಕ್ಕೆ ಕನ್ನಡವನ್ನು ಉಚ್ಚರಿಸುವ ಶಕ್ತಿಯೂ ಇದೆ. ಸ್ಕ್ರೀನ್ ರೀಡರ್ ಎಂಬ ಹೆಸರು ಒಂದು ತಪ್ಪು ಕಲ್ಪನೆಗೆ ಎಡೆಗೊಡುವಂತಹದು. ವಾಸ್ತವವಾಗಿ ಅದು ತೆರೆಯನ್ನು ನೋಡುವುದಿಲ್ಲ. ತೆರೆಯ ಮೇಲೆ ಮೂಡುವ ಆಕೃತಿಗಳ ಹಿಂದೆ ಯಂತ್ರದಲ್ಲಿ ಸಂಗ್ರಹವಾಗಿರುವ ಸಂಕೇತಗಳನ್ನು ಅದು ಒಂದೊಂದಾಗಿ ತೆಗೆದುಕೊಂಡು ಧ್ವನಿಗೆ ತಿರುಗಿಸುತ್ತದೆ.

ಇದರಿಂದ ವ್ಯಕ್ತಪಡುವುದೇನೆಂದರೆ, ಪ್ರತಿಯೊಂದು ಪುಟವೂ ಎರಡು ಪುಟಗಳು: ಒಂದು ಕಾಣುವ ಪುಟ, ಇನ್ನೊಂದು ಸಂಗ್ರಹದ ಪುಟ. ಕಣ್ಣುಳ್ಳವರಿಗೆ ಮೊದಲನೆಯದು ಸಾಕು. ಎರಡನೆಯದು ಎಷ್ಟೇ ಕೆಟ್ಟಿದ್ದರೂ ಅವರ ಗಮನಕ್ಕೆ ಬಾರದು. ಅಂಧರಿಗೆ ಎರಡನೆಯದೇ ಸರ್ವಸ್ವ. ಸುಗಮ್ಯತೆಯ ತೊಡಕುಗಳಲ್ಲಿ ಬಹುಭಾಗವು ಈ ಎರಡು ಪುಟಗಳು ಒಂದನ್ನೊಂದು ಹೋಲದಿರುವುದರಿಂದ ಹುಟ್ಟಿದುದು. ಕನ್ನಡದ ಮಟ್ಟಿಗಂತೂ ಈ ಭಿನ್ನತೆ ಅಕ್ಷರದಿಂದಲೇ ಮೊದಲಾಗುತ್ತದೆ.

೪

ಅಚ್ಚಿನ ಮೊಳೆಗಳನ್ನು ಜೋಡಿಸುವವನು ಕನ್ನಡದ ಅಕ್ಷರವನ್ನು ತುಂಡುಗಳಾಗಿ ಕಾಣುತ್ತಿದ್ದನು: ತಲೆಕಟ್ಟು ಒಂದು, ಒಡಲು ಒಂದು, ಕೊಂಬು ಒಂದು, ಒತ್ತು ಒಂದು. ಮೊಳೆಯ ಫಲವು ಕಣ್ಣಿಗೆ ಮಾತ್ರ ಸಲ್ಲುವುದರಿಂದ ಇದರಲ್ಲಿ ದೋಷವಿರಲಿಲ್ಲ. ಕಂಪ್ಯೂಟರು ಬಂದಾಗ ಇದೇ ಕ್ರಮವು ಅದರೊಳಕ್ಕೂ ನುಗ್ಗಿತು. ಆರಂಭದ ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ತುಂಡುಗಳ ಚಿತ್ರಗಳನ್ನು ಇರಿಸಲಾಯಿತು. ಕನ್ನಡಕ್ಕೆ ಸುಲಭ ಸಾಧನಗಳಿಲ್ಲದಿದ್ದ ಆ ದಿನಗಳಲ್ಲಿ ಅವು ಕಚೇರಿಗಳಲ್ಲಿ ಕನ್ನಡವನ್ನು ಉಳಿಸಿ ಬೆಳಸಿದುವೆಂಬುದನ್ನು ಮರೆಯಲಾಗದು. ಆದರೆ ಅವು ಉಳಿಸಿದುದು ಅಕ್ಷರದ ಚಿತ್ರವನ್ನು, ಅಕ್ಷರವನ್ನಲ್ಲ.

ಉದಾಹರಣೆಗೆ 'ಕನ್ನಡ' ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ನುಡಿಯ ಹಳೆಯ ಫಾಂಟಿನಲ್ಲಿ ಇದು ಏಳು ಸಂಕೇತಗಳಾಗಿ ಸಂಗ್ರಹವಾಗುತ್ತದೆ. 'ಕ' ಎಂಬುದಕ್ಕೆ ಇಂಗ್ಲಿಷಿನ ಪಿ ಅಕ್ಷರ ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ ಎ ಅಕ್ಷರ. 'ನ' ಎಂಬುದಕ್ಕೆ ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು ಮತ್ತು ಅದೇ ಎ. ಒತ್ತಿಗೆ ಜರ್ಮನ್ ಭಾಷೆಯದೊಂದು ಅಕ್ಷರ. 'ಡ' ಎಂಬುದಕ್ಕೆ ಕ್ಯೂ ಮತ್ತು ಮತ್ತೆ ಅದೇ ಎ. ಕಣ್ಣಿಗೆ ಕಾಣುವುದು ನಿರ್ದುಷ್ಟವಾದ ಕನ್ನಡ. ಸ್ಕ್ರೀನ್ ರೀಡರಿಗೆ ಸಿಕ್ಕುವುದು ಪೌಂಡ್ ಗುರುತನ್ನೊಳಗೊಂಡ ಒಂದು ಅಸಂಬದ್ಧ ಸರಣಿ. 'ಮ' ಅಕ್ಷರದ ಗತಿ ಇನ್ನೂ ವಿಚಿತ್ರವಾದುದು. ಆ ಪದ್ಧತಿಯಲ್ಲಿ ಅದಕ್ಕೆ ಸ್ವಂತ ಅಸ್ತಿತ್ವವೇ ಇಲ್ಲ; 'ವ'ಕಾರಕ್ಕೆ ಕೊಂಬನ್ನು ಸೇರಿಸಿ ಅದನ್ನು ಕಟ್ಟುತ್ತಾರೆ. 'ಕರ್ನಾಟಕ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ 'ನಾ'ಕಾರದ ಬಳಿಕ ಕಾಣುವುದರಿಂದ ಸಂಗ್ರಹದಲ್ಲಿಯೂ ಅದು ಬಳಿಕವೇ ಬರುತ್ತದೆ. ಉಚ್ಚಾರಣೆಯಲ್ಲಾದರೋ ರೇಫವು ಮೊದಲು.

ಯೂನಿಕೋಡ್ ಎಂಬ ಸಂಕೇತಪದ್ಧತಿಯು ಇದಕ್ಕೆ ವ್ಯತಿರಿಕ್ತವಾದುದು. ೧೯೯೧ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಪ್ರತ್ಯೇಕ ವಿಭಾಗವಿದೆ. ಅಲ್ಲಿ 'ಕನ್ನಡ' ಎಂಬುದು ಐದು ಸಂಕೇತಗಳು: ಕ, ನ, ವಿರಾಮಚಿಹ್ನೆಯಾದ ಹಲಂತ, ನ, ಡ. ಇದು ನಮ್ಮ ವ್ಯಾಕರಣದಲ್ಲಿ ಅಕ್ಷರವನ್ನು ಬಿಡಿಸುವ ಕ್ರಮಕ್ಕೆ ಸಮೀಪವಾದುದು. ರೇಫವು ಉಚ್ಚಾರಣೆಯ ಕ್ರಮದಲ್ಲಿಯೇ ನಿಲ್ಲುತ್ತದೆ. ಚಿತ್ರವನ್ನು ರಚಿಸುವ ಹೊಣೆ ಫಾಂಟಿನದು, ಅಕ್ಷರವನ್ನು ಕಾಪಾಡುವ ಹೊಣೆ ಸಂಕೇತದ್ದು ಎಂದು ಕಾರ್ಯವಿಭಾಗವಾಗಿರುವುದರಿಂದ, ಸಂಗ್ರಹವಾದ ಬರಹವು ಧ್ವನಿಯಾಗಿ, ಬ್ರೈಲ್ ಆಗಿ, ದಪ್ಪಕ್ಷರವಾಗಿ ಬೇಕಾದಂತೆ ರೂಪಾಂತರ ಹೊಂದಬಲ್ಲುದು.

ನುಡಿ, ಬರಹಗಳೂ ಈಗ ಯೂನಿಕೋಡಿನಲ್ಲಿ ಬರೆಯಲು ಅವಕಾಶ ಕೊಡುತ್ತವೆ. ಹಳೆಯ ಕಡತಗಳನ್ನು ಪರಿವರ್ತಿಸುವ ಸಾಧನಗಳೂ ಉಂಟು. ಪರಿವರ್ತನೆಯಲ್ಲಿ ಎಚ್ಚರವಿರಬೇಕು, ಕನ್ನಡದ ನಡುವೆ ಬಂದ ಇಂಗ್ಲಿಷ್ ಮಾತನ್ನು ಪ್ರತ್ಯೇಕಿಸದಿದ್ದರೆ ಅದು ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಯೂನಿಕೋಡಿನಲ್ಲಿಯೂ ಕಣ್ಣಿನ ಅಭ್ಯಾಸವು ಕೆಲವೊಮ್ಮೆ ಮೋಸಮಾಡುವುದುಂಟು. ಸೊನ್ನೆಯ ಅಂಕಿಯೂ ಅನುಸ್ವಾರವೂ ಆಕೃತಿಯಲ್ಲಿ ಒಂದೇ ಆಗಿರುವುದರಿಂದ ಬೆರಳಚ್ಚುಗಾರನು ಒಂದರ ಬದಲು ಇನ್ನೊಂದನ್ನು ಒತ್ತಿದರೂ ತೆರೆಯ ಮೇಲೆ ದೋಷ ಕಾಣದು. ಕೇಳುವವನಿಗೆ ಮಾತಿನ ನಡುವೆ 'ಸೊನ್ನೆ' ಎಂದು ಕೇಳಿಬರುತ್ತದೆ.

೫

ಎರಡನೆಯ ತೊಡಕು ಇದಕ್ಕಿಂತ ತೀವ್ರವಾದುದು. ಆದೇಶವೊಂದು ಕಚೇರಿಯ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತದೆ; ಕಾಗದದ ಮೇಲೆ ಮುದ್ರಿತವಾಗುತ್ತದೆ; ಅಧಿಕಾರಿಯ ಸಹಿಯೂ ಮೊಹರೂ ಬೀಳುತ್ತವೆ; ಆಮೇಲೆ ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಹಾಗೆ ಏರಿದುದು ಬರಹವಲ್ಲ, ಬರಹದ ಛಾಯಾಚಿತ್ರ. ಅದರಲ್ಲಿ ಸಂಕೇತವೊಂದೂ ಇಲ್ಲ. ಸ್ಕ್ರೀನ್ ರೀಡರ್ ಅದರ ಮುಂದೆ ಮೌನವಾಗುತ್ತದೆ.

ಚಿತ್ರದಿಂದ ಅಕ್ಷರವನ್ನು ಮರಳಿ ಪಡೆಯುವ ಓ.ಸಿ.ಆರ್. ಎಂಬ ವಿದ್ಯೆ ಕನ್ನಡಕ್ಕೂ ಲಭ್ಯವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ 'ಲಿಪಿ ಜ್ಞಾನಿ' ಇಂತಹ ಪ್ರಯತ್ನಗಳಲ್ಲೊಂದು. ಹಳೆಯ ಗ್ರಂಥಗಳಿಗೂ ದಾಖಲೆಗಳಿಗೂ ಇದು ಅನಿವಾರ್ಯವಾದ ಉಪಾಯ. ಆದರೆ ಮಾಸಿದ ಹಾಳೆಯ ಸಣ್ಣ ಒತ್ತಕ್ಷರಗಳನ್ನೂ ಒಂದನ್ನೊಂದು ಹೋಲುವ ಅಂಕಿಗಳನ್ನೂ ಯಂತ್ರವು ತಪ್ಪಾಗಿ ಓದುವ ಸಂಭವ ಯಾವಾಗಲೂ ಉಂಟು. ಅರ್ಜಿಯ ಕೊನೆಯ ದಿನಾಂಕದಲ್ಲಿ ಒಂದು ಅಂಕಿ ವ್ಯತ್ಯಾಸವಾದರೆ, ಅದನ್ನು ಮೂಲದ ಚಿತ್ರದೊಡನೆ ತಾಳೆನೋಡುವ ಸಾಧನ ಅಂಧನಲ್ಲಿ ಇಲ್ಲ. ಹೊಸ ಆದೇಶದ ವಿಷಯದಲ್ಲಾದರೋ ಈ ಸುತ್ತುದಾರಿಗೆ ಕಾರಣವೇ ಇಲ್ಲ. ಶುದ್ಧವಾದ ಬರಹವು ಅದನ್ನು ಸಿದ್ಧಪಡಿಸಿದ ಗುಮಾಸ್ತನ ಕಂಪ್ಯೂಟರಿನಲ್ಲಿ ಆಗಲೇ ಇದೆ. ಸಹಿಯ ಪ್ರಾಮಾಣ್ಯವೇ ಮುಖ್ಯವೆನ್ನುವುದಾದರೆ, ಡಿಜಿಟಲ್ ಸಹಿಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮವೇ ಮಾನ್ಯತೆ ಕೊಟ್ಟಿದೆ. ಅದೂ ಆಗದಿದ್ದಲ್ಲಿ ಸಹಿಯಾದ ಚಿತ್ರದ ಪಕ್ಕದಲ್ಲಿಯೇ ಮೂಲ ಬರಹವನ್ನೂ ಇಡಬಹುದು.

೬

ಅಕ್ಷರವು ಸರಿಯಾದ ಮೇಲೆ ಉಳಿದ ಅಂಶಗಳ ಸರದಿ. ಪುಟದ ಭಾಷೆ ಯಾವುದೆಂಬುದನ್ನು ಸಂಕೇತದಲ್ಲಿ ನಮೂದಿಸಬೇಕು. ಇಲ್ಲದಿದ್ದರೆ ಕನ್ನಡದ ಪುಟವನ್ನು ಇಂಗ್ಲಿಷ್ ಧ್ವನಿಯು ಓದಲು ಯತ್ನಿಸಿ ಸೋಲುತ್ತದೆ. ಚಿತ್ರಕ್ಕೆ ಅದರ ಅರ್ಥವನ್ನು ಹೇಳುವ ಮಾತು ಜೊತೆಗಿರಬೇಕು. ಅರ್ಜಿಯ ಪ್ರತಿಯೊಂದು ಖಾಲಿ ಮನೆಗೂ ಅದರ ಹೆಸರು ಸಂಕೇತದಲ್ಲಿ ಅಂಟಿಕೊಂಡಿರಬೇಕು. ಪಕ್ಕದಲ್ಲಿ 'ತಂದೆಯ ಹೆಸರು' ಎಂದು ಕಾಣಿಸಿದರೆ ಸಾಲದು. ಕೋಷ್ಟಕದಲ್ಲಿ ಶಿರೋನಾಮೆಯ ಸಾಲು ಯಾವುದೆಂದು ಗುರುತಿಸಿದ್ದರೆ ಮಾತ್ರ ಕೇಳುವವನಿಗೆ ಅಂಕಿಯ ಅರ್ಥವಾದೀತು. ವಕ್ರವಾದ ಅಕ್ಷರಗಳನ್ನು ನೋಡಿ ಬರೆಯಿರೆಂಬ ಕ್ಯಾಪ್ಚಾ ಪರೀಕ್ಷೆಗೆ ಧ್ವನಿಯ ಪರ್ಯಾಯವಿರದಿದ್ದರೆ ಅರ್ಜಿಯು ಅಲ್ಲಿಯೇ ನಿಂತಿತು.

ಸುಗಮ್ಯತೆ ಅಂಧರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ಕೈ ನಡುಗುವವರು ಮೌಸನ್ನು ಹಿಡಿಯಲಾರರು. ಅವರಿಗಾಗಿ ಪುಟದ ಸಮಸ್ತ ಕಾರ್ಯಗಳೂ ಕೀಲಿಮಣೆಯಿಂದಲೇ ನಡೆಯುವಂತಿರಬೇಕು. ಮಂದದೃಷ್ಟಿಯವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂತಿಯ ಅಂತರವು ಕಡೆಯಪಕ್ಷ ೪.೫ಕ್ಕೆ ೧ರ ಪ್ರಮಾಣದಲ್ಲಿರಬೇಕು. ಕಿವುಡರಿಗಾಗಿ ಚಲಚ್ಚಿತ್ರದ ಮಾತುಗಳು ಬರಹವಾಗಿ ಮೂಡಬೇಕು. ಅಪಸ್ಮಾರವುಳ್ಳವರ ರಕ್ಷಣೆಗಾಗಿ ಪುಟದಲ್ಲಿ ಯಾವುದೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದು. ಅರ್ಥವಾಗಬೇಕೆಂಬ ಮೂರನೆಯ ಸೂತ್ರವು ನಮ್ಮ ಆಡಳಿತದ ಭಾಷೆಗೂ ಅನ್ವಯಿಸತಕ್ಕದ್ದು; ಒಂದೇ ವಾಕ್ಯದಲ್ಲಿ ನಾಲ್ಕು ಉಲ್ಲೇಖಗಳನ್ನೂ ಮೂರು ಷರತ್ತುಗಳನ್ನೂ ಹೆಣೆಯುವ ಆದೇಶವು ಎಲ್ಲ ಇಂದ್ರಿಯಗಳೂ ಸರಿಯಾಗಿರುವವರಿಗೂ ಸುಗಮವಲ್ಲ.

೭

ಇಷ್ಟೆಲ್ಲ ವಿಧಿಗಳಿದ್ದೂ ಆಚರಣೆ ಏಕೆ ಹಿಂದುಳಿಯಿತು? ೨೦೧೭ರ ನಿಯಮಗಳು ಕಡ್ಡಾಯವನ್ನೂ ಸಲಹೆಯನ್ನೂ ಪ್ರತ್ಯೇಕಿಸದಿದ್ದುದು ಒಂದು ಕಾರಣ. ರಾಜೀವ್ ರಾತುರಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೨೪ರ ನವೆಂಬರ್ ೮ರಂದು ಇದನ್ನೇ ಎತ್ತಿ ಹಿಡಿಯಿತು. ಅಧಿನಿಯಮವು ಕಡ್ಡಾಯವೆಂದುದನ್ನು ನಿಯಮವು ಕೇವಲ ಸಲಹೆಯ ಮಟ್ಟಕ್ಕೆ ಇಳಿಸಿದೆಯೆಂದು ಹೇಳಿ, ೧೫ನೆಯ ನಿಯಮದ ಮೊದಲ ಉಪನಿಯಮವು ಅಧಿನಿಯಮದ ವ್ಯಾಪ್ತಿಯನ್ನು ಮೀರಿದುದೆಂದು ಸಾರಿ, ಮೂರು ತಿಂಗಳೊಳಗೆ ಕಡ್ಡಾಯವಾದ ಅಂಶಗಳನ್ನು ವಿಂಗಡಿಸಿ ಗೊತ್ತುಪಡಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ೨೦೨೫ರ ಏಪ್ರಿಲ್ ೩೦ರಂದು ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ತೀರ್ಮಾನಿಸಿತು. ಮುಖವು ಆಮ್ಲದಾಳಿಯಿಂದ ವಿಕೃತವಾಗಿ ಕಣ್ಣು ಮಿಟುಕಿಸಲಾಗದವರೂ ಅಂಧರೂ ಬ್ಯಾಂಕಿನ ಗುರುತುಪರೀಕ್ಷೆಯಲ್ಲಿ ಪಟ್ಟ ಕಷ್ಟವೇ ಆ ಮೊಕದ್ದಮೆಯ ಮೂಲ.

ಇನ್ನೊಂದು ಕಾರಣ ಕಾನೂನಿನ ಆಚೆಯದು. ಜಾಲತಾಣದ ಪರಿಶೀಲನೆ ನಡೆಯುವುದು ಒಂದು ದಿನ. ಅದಕ್ಕೆ ಆದೇಶಗಳೂ ಪ್ರಕಟಣೆಗಳೂ ಸೇರುತ್ತಿರುವುದು ಪ್ರತಿದಿನ. ಹೊರಚೌಕಟ್ಟನ್ನು ತಜ್ಞರು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಒಳಗಿನ ಬರಹವನ್ನು ಏರಿಸುವವನು ಕಚೇರಿಯ ಸಿಬ್ಬಂದಿ. ಅವನಿಗೆ ಸುಗಮ್ಯತೆಯ ತತ್ತ್ವವನ್ನು ಯಾರೂ ತಿಳಿಸಿಲ್ಲದಿದ್ದರೆ ಪರಿಶೀಲನೆಯ ಪತ್ರವು ವ್ಯರ್ಥ.

ಇಲ್ಲಿಯೇ ಕಾಲೇಜುಗಳ ಪಾತ್ರ ಬರುತ್ತದೆ. ನಾಳೆ ಆ ಕಚೇರಿಗಳಲ್ಲಿ ಕೂರುವವರು ಇಂದಿನ ವಿದ್ಯಾರ್ಥಿಗಳು. ಅಲ್ಲದೆ ನಮ್ಮ ಪಠ್ಯಟಿಪ್ಪಣಿ, ಸುತ್ತೋಲೆ, ಸಂಶೋಧನ ಪ್ರಬಂಧಗಳು ಇದೇ ದೋಷಗಳಿಂದ ಮುಕ್ತವೆಂದು ಹೇಳುವಂತಿಲ್ಲ. ಪರೀಕ್ಷೆಯ ಉಪಾಯ ಸುಲಭವಾದುದು. ಕಡತದ ಒಂದು ಸಾಲನ್ನು ನಕಲುಮಾಡಿ ಯಾವ ವಿಶೇಷ ಫಾಂಟೂ ಇಲ್ಲದ ಬೇರೊಂದು ಕಡತದಲ್ಲಿ ಇಟ್ಟು ನೋಡಬೇಕು. ಕನ್ನಡವಾಗಿಯೇ ಉಳಿದರೆ ಅಕ್ಷರ ಶುದ್ಧ. ಇಂಗ್ಲಿಷ್ ಅಕ್ಷರಗಳ ಗೊಂದಲವಾದರೆ ಅದು ಹಳೆಯ ಫಾಂಟು. ಸಾಲನ್ನು ಆರಿಸುವುದಕ್ಕೇ ಆಗದಿದ್ದರೆ ಅದು ಬರಿಯ ಚಿತ್ರ. ಬಳಿಕ ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಅರ್ಜಿಯ ಮನೆಗಳನ್ನು ಒಂದೊಂದಾಗಿ ದಾಟಲು ಯತ್ನಿಸಬೇಕು. ಈ ಎರಡು ಪರೀಕ್ಷೆಗಳಿಗೆ ಐದು ನಿಮಿಷ ಸಾಕು.

ಕೊನೆಯದಾಗಿ ಒಂದು ಮಾತು. ಸ್ಕ್ರೀನ್ ರೀಡರಿಗೆ ಅರ್ಥವಾಗದ ಕನ್ನಡವು ಹುಡುಕುಯಂತ್ರಕ್ಕೂ ಸಿಕ್ಕದು, ನಿಘಂಟುಕಾರನ ಪದಸಂಗ್ರಹಕ್ಕೂ ಒದಗದು, ಅನುವಾದಯಂತ್ರಕ್ಕೂ ಎಟುಕದು. ಅಂಧನೊಬ್ಬನು ಓದಲಾರದ ಆದೇಶವು ಮುಂದಿನ ಸಂಶೋಧಕನಿಗೂ ಕಾಣದಂತೆ ಹೂತುಹೋಗುತ್ತದೆ. ಅಂಗವಿಕಲರ ಹಕ್ಕಿಗಾಗಿ ಅಕ್ಷರವನ್ನು ಸರಿಪಡಿಸುವ ಕೆಲಸವು ಕನ್ನಡದ ಬರಹವನ್ನು ಮುಂದಿನವರಿಗೆ ಉಳಿಸಿಕೊಡುವ ಕೆಲಸವೂ ಆಗುತ್ತದೆ. ಆದರೆ ಆ ಲಾಭಕ್ಕಾಗಿ ಕಾಯದೆ, ಇಂದು ಅರ್ಜಿ ಹಾಕಬೇಕಾಗಿರುವವನ ಸಲುವಾಗಿಯೇ ಇದನ್ನು ಕೈಗೊಳ್ಳುವುದು ನ್ಯಾಯ.